ಮೂರನೇ ಪ್ರೆಸ್ಸಿನ ಡಬ್ಬಿ

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಪವಾಡ, ಮುನ್ಸೂಚನೆ ಅಂತ ಯಾರಾದರೂ ಮಾತು ತೆಗೆದರೆ ನನಗೆ ಮೈ ಉರಿಯುತ್ತಿತ್ತು. ಹಬ್ಬಕ್ಕೆ ಊರಿಗೆ ಹೋದಾಗ ನಮ್ಮ ಚಿಕ್ಕಪ್ಪ ಇಂಥ ಕಥೆ ಶುರು ಮಾಡಿದರೆ ನಾನು ತಟ್ಟೆ ಎತ್ತಿಕೊಂಡು ಪಡಸಾಲೆಗೆ ಹೋಗಿ ಒಬ್ಬನೇ ಊಟ ಮುಗಿಸುತ್ತಿದ್ದೆ. ವೈರು, ಸ್ಕ್ರೂಗಳ ನಡುವೆ ಅನ್ನ ದುಡಿಯುವವನು ನಾನು. ಬಲ್ಬು ಹತ್ತದಿದ್ದರೆ ಎಲ್ಲೋ ವೈರು ಬಿಟ್ಟಿರುತ್ತದೆ, ಅಷ್ಟೇ. ಈಗಲೂ ನನಗೆ ಮೈ ಉರಿಯುತ್ತದೆ. ಆದರೆ ಕಾರಣ ಬೇರೆ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ, ಪೂರ್ತಿ ಓದಿ ಸಾಕು.

ನಮ್ಮದು ಬೀದರ್ ಜಿಲ್ಲೆಯ ಭಾಲ್ಕಿ ಕಡೆಯ ಊರು. ಆಗ ನಾನು ನಾಶಿಕ್‌ನ ಒಂದು ಸಣ್ಣ ಕಂಪನಿಯಲ್ಲಿ ಸರ್ವಿಸ್ ಇಂಜಿನಿಯರ್ ಆಗಿದ್ದೆ. ಕಾರ್ಖಾನೆಗಳಿಗೆ ಡೇಟಾ ಟರ್ಮಿನಲ್ ಕೂರಿಸಿಕೊಡುವುದು ನನ್ನ ಕೆಲಸ. ಟರ್ಮಿನಲ್ ಎಂದರೆ ಊಟದ ಡಬ್ಬಿಯಷ್ಟು ದೊಡ್ಡ, ಗಟ್ಟಿಮುಟ್ಟಾದ ಒಂದು ಪೆಟ್ಟಿಗೆ. ಮುಂದೆ ಎರಡು ಸಾಲಿನ ಪರದೆ, ಅದರ ಕೆಳಗೆ ಅಂಕಿಗಳ ಗುಂಡಿಗಳು. ಮಶೀನಿನ ಪ್ಯಾನೆಲ್ ಬಾಗಿಲಿನಲ್ಲಿ ಅಳತೆಗೆ ತೂತು ಕೊರೆದು, ಅಂಚನ್ನು ಅರದಿಂದ ಉಜ್ಜಿ, ರಬ್ಬರ್ ಪಟ್ಟಿ ಇಟ್ಟು ಅದನ್ನು ಮುಂದಿನಿಂದ ತೂರಿಸಬೇಕು. ಹಿಂದಿನಿಂದ ನಾಲ್ಕು ಮೂಲೆಯ ಸ್ಕ್ರೂ ಸಮವಾಗಿ ಬಿಗಿಯಬೇಕು. ಒಂದು ಕಡೆ ಹೆಚ್ಚು ಬಿಗಿದರೆ ಇನ್ನೊಂದು ಕಡೆಯಿಂದ ಧೂಳು, ಎಣ್ಣೆ ಒಳಗೆ ಹೋಗುತ್ತವೆ. ಆಮೇಲೆ ಕರೆಂಟು, ಅರ್ಥಿಂಗ್, ಮತ್ತು ಮಶೀನು ಒಂದೊಂದು ಪೀಸು ಹೊಡೆದಾಗಲೂ ಎಣಿಸುವ ಒಂದು ವೈರು. ಈ ಡಬ್ಬಿ ಎಣಿಸುತ್ತದೆ, ತೋರಿಸುತ್ತದೆ. ಮಶೀನನ್ನು ನಿಲ್ಲಿಸುವುದಾಗಲಿ ನಡೆಸುವುದಾಗಲಿ ಅದರ ಕೈಯಲ್ಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಆ ಸಲ ನನ್ನನ್ನು ಚಿಕಲಠಾಣಾ ಕೈಗಾರಿಕಾ ಪ್ರದೇಶಕ್ಕೆ ಕಳಿಸಿದ್ದರು. ಅದು ಇರುವ ಊರಿನ ಹೆಸರು ಆಗ ಔರಂಗಾಬಾದ್, ಈಗ ಛತ್ರಪತಿ ಸಂಭಾಜಿನಗರ. ತಗಡಿನ ಬಿಡಿಭಾಗ ಮಾಡುವ ಕಾರ್ಖಾನೆ, ಸಾಲಾಗಿ ನಿಂತ ಪವರ್ ಪ್ರೆಸ್ಸುಗಳು. ಪೆಡಲ್ ಒತ್ತಿದರೆ ಮೇಲಿನ ಭಾರ ಧಡ್ ಎಂದು ಬಿದ್ದು ತಗಡು ಆಕಾರಕ್ಕೆ ಬರುತ್ತದೆ. ನಡುವೆ ಬೆರಳು ಸಿಕ್ಕರೆ ಅದೂ ಅದೇ ಆಕಾರಕ್ಕೆ ಬರುತ್ತದೆ. ಹಾಗಾಗಬಾರದೆಂದು ತಗಡನ್ನು ಚಿಮಟಾದಲ್ಲಿ, ಅಂದರೆ ಇಕ್ಕಳದಲ್ಲಿ, ಹಿಡಿದು ಒಳಗಿಡಬೇಕು ಎಂದು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ್ದರು. ಚಿಮಟಾಗಳೂ ಇದ್ದವು, ಮೊಳೆಗೆ ನೇತಾಡುತ್ತಿದ್ದವು. ಅವುಗಳಿಂದ ಇಟ್ಟರೆ ಕೆಲಸ ನಿಧಾನ, ಗಂಟೆಯ ಎಣಿಕೆ ಬೀಳುತ್ತದೆ. ಆದ್ದರಿಂದ ಎಲ್ಲರೂ ಬರಿಗೈಯಲ್ಲೇ ಇಡುತ್ತಿದ್ದರು. ಅದು ಮ್ಯಾನೇಜರಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಯಾರಾದರೂ ಚಿಮಟಾ ಮುಟ್ಟಿದರೆ ‘ಏನಪ್ಪಾ, ರೊಟ್ಟಿ ಸುಡುತ್ತೀಯಾ’ ಎಂದು ನಗಾಡುತ್ತಿದ್ದವರೇ ಅವರು.

ಮೊದಲನೇ ಡಬ್ಬಿಯನ್ನು ಮೂರನೇ ಪ್ರೆಸ್ಸಿಗೆ ಕೂರಿಸಿದೆ. ಹೊಸ ವಸ್ತು ಬಂದಿದೆ ಎಂದು ಹುಡುಗರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಅದರ ಮುಂದೆಯೇ ತೆಂಗಿನಕಾಯಿ ಒಡೆದರು. ನೀರೆಲ್ಲ ಪರದೆಯ ಮೇಲೆ ಹರಿಯಿತು. ನಾನು ತಡೆಯಲಿಲ್ಲ. ರಬ್ಬರ್ ಸರಿಯಾಗಿ ಕೂತಿದೆ ಎಂಬ ಧೈರ್ಯವಿತ್ತು. ಆಮೇಲೆ ಬಾಗಿಲು ತೆಗೆದು ಹಿಂದೆ ಕೈಯಾಡಿಸಿ ನೋಡಿದೆ, ಒಂದು ಹನಿಯೂ ಒಳಗೆ ಹೋಗಿರಲಿಲ್ಲ.

ಆ ಪ್ರೆಸ್ಸು ನಡೆಸುತ್ತಿದ್ದವನು ಕಾಶಿನಾಥ. ಹುಮನಾಬಾದ್ ಕಡೆಯವನು, ಗುತ್ತಿಗೆ ಕೆಲಸದಲ್ಲಿದ್ದ. ನಾನು ಫೋನಿನಲ್ಲಿ ಮನೆಯವಳ ಜೊತೆ ಕನ್ನಡ ಮಾತಾಡುವುದನ್ನು ಕೇಳಿ ಅವನ ಮುಖ ಅರಳಿತು. “ನೀವು ನಮ್ ಕಡಿಯವ್ರೇ ಏನ್ರಿ ಸರ್? ಇಲ್ಲಿ ಕನ್ನಡ ಮಾತಾಡ್ಲಾಕ ಒಬ್ರೂ ಇಲ್ರಿ. ನನ್ನ ಮಕ್ಳೇ ಮರಾಠ್ಯಾಗ ಜಗಳಾಡ್ತಾವ,” ಎಂದ. ಆ ಇಡೀ ಕಾರ್ಖಾನೆಯಲ್ಲಿ ಕನ್ನಡದವರು ನಾವಿಬ್ಬರೇ.

ಡಬ್ಬಿ ನಡೆಸುವುದನ್ನು ಅವನಿಗೆ ಕಲಿಸಿದೆ. ಪಾಳಿ ಶುರುವಾದಾಗ ತನ್ನ ನಂಬರು ಒತ್ತಬೇಕು, ಆಮೇಲೆ ಕೆಲಸದ ನಂಬರು. ಎಣಿಕೆ ತಾನಾಗಿಯೇ ಏರುತ್ತದೆ. ಪ್ರೆಸ್ಸು ನಿಂತರೆ ಯಾಕೆ ನಿಂತಿತು ಎಂಬುದಕ್ಕೆ ಒಂದೊಂದು ಕಾರಣಕ್ಕೆ ಒಂದೊಂದು ಅಂಕಿ. ಚಹಾ, ಸಂಡಾಸು, ಮಾಲು ಬಂದಿಲ್ಲ, ಅಚ್ಚು ಬದಲು, ಕರೆಂಟಿಲ್ಲ. ಕಾಶಿನಾಥ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದ.

“ಇದ್ರಾಗ ಮಶೀನ್ ಕೆಟ್ಟದ ಅನ್ನೋದಕ್ಕ ಯಾವ ನಂಬರ್ ಅದರಿ?”

ಇರಲಿಲ್ಲ. ಕಾರಣಗಳನ್ನು ಕೊಟ್ಟವರು ಮ್ಯಾನೇಜರ್, ನಾನು ಅವರು ಕೊಟ್ಟಷ್ಟನ್ನೇ ತುಂಬಿದ್ದೆ. ಯಾಕೆ ಕೇಳುತ್ತೀ ಎಂದೆ. “ಇದು ಒಮ್ಮೊಮ್ಮೆ ತಾನೇ ಬೀಳ್ತದರಿ. ನಾ ಪೆಡಲ್ ಒತ್ತಿರಲ್ಲ, ಆದ್ರೂ ಎರಡನೇ ಸಲ ಹೊಡೀತದ. ಸುಪರ್‌ವೈಜರ್‌ಗೆ ಹೇಳಿ ಹೇಳಿ ಬಾಯಿ ಸೋತ್ ಹೋಯ್ತು,” ಎಂದ. ನಾನು ನೇರವಾಗಿ ಮ್ಯಾನೇಜರ್ ಕ್ಯಾಬಿನ್ನಿಗೆ ಹೋದೆ. ಮಶೀನ್ ದೋಷಕ್ಕೂ ಒಂದು ಅಂಕಿ ಇಡೋಣ, ನನಗೆ ಐದು ನಿಮಿಷದ ಕೆಲಸ ಎಂದೆ. ಅವರು ಕುರ್ಚಿಯಲ್ಲಿ ಒರಗಿ ನಕ್ಕರು. “ಅಹೋ ಸಾಹೇಬ್, ಮಶೀನ್ ಖರಾಬ್ ಹೋತ್ ನಾಹೀ, ಮಾಣುಸ್ ಖರಾಬ್ ಹೋತೋ.” ಮಶೀನು ಕೆಡುವುದಿಲ್ಲವಂತೆ, ಕೆಡುವವನು ಮನುಷ್ಯನಂತೆ. ಪ್ರೆಸ್ಸಿನ ವಿಷಯ ನಿಮ್ಮದಲ್ಲ, ನಿಮ್ಮ ಡಬ್ಬಿ ನೋಡಿಕೊಳ್ಳಿ ಎಂದು ನನ್ನನ್ನು ಹೊರಗೆ ಕಳಿಸಿದರು.

ಅದೇ ದಿನ ಊಟದ ನಂತರದ ಹೊತ್ತು. ಹಾಡಹಗಲು, ನಾಲ್ಕನೆಯದೊಂದನ್ನು ಬಿಟ್ಟು ಎಲ್ಲ ಪ್ರೆಸ್ಸುಗಳೂ ಓಡುತ್ತಿದ್ದವು. ನಾನು ನಾಲ್ಕನೇ ಪ್ರೆಸ್ಸಿನ ಪ್ಯಾನೆಲ್ ಮುಂದೆ ಕುಕ್ಕುರುಗಾಲಲ್ಲಿ ಕೂತು ತೂತಿನ ಅಂಚು ಉಜ್ಜುತ್ತಿದ್ದೆ. ಲ್ಯಾಪ್‌ಟಾಪು ಮುಚ್ಚಿ ಚೀಲದಲ್ಲಿತ್ತು, ಚೀಲ ನನ್ನ ಕಾಲ ಬಳಿಯೇ ಇತ್ತು. ಆಫೀಸಿನ ಕಂಪ್ಯೂಟರಿನಿಂದ ಬರಬೇಕಾದ ಕೇಬಲ್ಲನ್ನು ಇನ್ನೂ ಎಳೆದಿರಲಿಲ್ಲ, ಅದು ಸುರುಳಿಯಾಗಿಯೇ ಮೂಲೆಯಲ್ಲಿ ಬಿದ್ದಿತ್ತು. ಅಂದರೆ ಮೂರನೇ ಪ್ರೆಸ್ಸಿನ ಡಬ್ಬಿಗೆ ಹೊರಗಿನಿಂದ ಒಂದು ಅಕ್ಷರ ಕಳಿಸುವ ದಾರಿಯೇ ಇರಲಿಲ್ಲ.

ಇದ್ದಕ್ಕಿದ್ದಂತೆ ಆ ಡಬ್ಬಿ ಪೀಂ ಎಂದು ಕೂಗಿತು. ಗುಂಡಿ ಒತ್ತಿದಾಗ ಅದು ಚಿಕ್ಕದಾಗಿ ಪಿಕ್ ಎನ್ನುತ್ತದೆ, ಅಷ್ಟೇ. ಹೀಗೆ ಬಿಡದೆ ಕೂಗುವುದು ಅದಕ್ಕೆ ಬರುವುದೇ ಇಲ್ಲ. ಅಷ್ಟು ಗದ್ದಲದಲ್ಲೂ ಕೇಳಿಸಿತು. ನಾನು ತಲೆ ಎತ್ತಿದೆ. ಕಾಶಿನಾಥ ನನ್ನ ಕಡೆ ನೋಡಿದ, ನಾನೇ ಏನೋ ಮಾಡಿದೆ ಎಂದುಕೊಂಡಿರಬೇಕು. ಆಮೇಲೆ ತಗಡಿನ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದು ಡಬ್ಬಿಯ ಕಡೆ ತಿರುಗಿದ. ಅವನ ಎರಡೂ ಕಾಲು ನೆಲದ ಮೇಲಿದ್ದವು. ಪೆಡಲ್ ಮೇಲೆ ಯಾರೂ ಇರಲಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ.

ಆಗ ಪ್ರೆಸ್ಸು ಬಿತ್ತು. ತಾನಾಗಿಯೇ.

ಕಾಶಿನಾಥ ತನ್ನ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಹಾಗೆಯೇ ಕೆಳಗೆ ಕೂತ. ಏನೂ ಆಗಿರಲಿಲ್ಲ, ಆದರೂ ಬೆರಳುಗಳನ್ನು ಬಿಟ್ಟು ಬಿಟ್ಟು ಮುಟ್ಟಿ ನೋಡಿಕೊಳ್ಳುತ್ತಿದ್ದ. ನಾನು ಓಡಿಹೋದೆ. ಡಬ್ಬಿ ಸುಮ್ಮನಾಗಿತ್ತು. ಪರದೆಯ ಮೇಲಿನ ಸಾಲಿನಲ್ಲಿ ಎಣಿಕೆ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಎರಡು ಮಾತು ಇದ್ದವು. ಓದಿದರೆ ಕನ್ನಡ. ‘ಕೈ ತಗಿ.’

ಆ ಡಬ್ಬಿಯಲ್ಲಿ ಅಂಕಿಯ ಗುಂಡಿಗಳು ಮಾತ್ರ ಇವೆ, ಅಕ್ಷರ ಒತ್ತಲು ಬರುವುದಿಲ್ಲ. ಅದರೊಳಗಿದ್ದ ಮಾತುಗಳು ನಾನು ತುಂಬಿದವು, ಅವುಗಳಲ್ಲಿ ಒಂದೂ ಕನ್ನಡದ್ದಲ್ಲ.

ಸುತ್ತ ಜನ ಸೇರಿದರು. ಮ್ಯಾನೇಜರ್ ಬಂದರು. ಅವರು ಮೊದಲು ನೋಡಿದ್ದು ಏನನ್ನು ಹೇಳಿ? ಕಾಶಿನಾಥನ ಕೈಯನ್ನಲ್ಲ. ಪ್ರೆಸ್ಸನ್ನೂ ಅಲ್ಲ. ಪರದೆಯನ್ನು. ಇದೇನು ಭಾಷೆ ಎಂದು ಕೇಳಿದರು. ಕನ್ನಡ ಎಂದೆ. ಮುಗಿಯಿತು. “ಅಚ್ಛಾ, ದೋನ್ ಕಾನಡಿ ಮಿಳೂನ್ ನಾಟಕ್ ಕರತಾಯತ್!” ಎಂದು ಕೂಗಿದರು. ಕನ್ನಡದವರಿಬ್ಬರು ಸೇರಿಕೊಂಡು ನಾಟಕ ಆಡುತ್ತಿದ್ದೇವಂತೆ. ಬೆಳಿಗ್ಗೆ ನಾನು ಮಶೀನ್ ಕೆಟ್ಟಿದೆ ಎಂದದ್ದು, ಮಧ್ಯಾಹ್ನ ಡಬ್ಬಿ ಕನ್ನಡದಲ್ಲಿ ಬರೆದದ್ದು, ಎರಡನ್ನೂ ಕೂಡಿಸಿ ಅವರೇ ತೀರ್ಪು ಕೊಟ್ಟುಬಿಟ್ಟರು. ಪ್ರೆಸ್ಸು ತಾನೇ ಬಿತ್ತು, ಮೊದಲು ಅದನ್ನು ಬಿಚ್ಚಿ ನೋಡಿಸಿ ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಅವನೇ ಪೆಡಲ್ ಒತ್ತಿದ್ದಾನೆ ಎಂದರು. ನೀವು ಕ್ಯಾಬಿನ್ನಿನಲ್ಲಿ ಕೂತು ಹೇಗೆ ನೋಡಿದಿರಿ ಎಂದೆ. ಅವರು ಆ ಕಡೆ ತಿರುಗಿ, ಮೇನ್ ಸ್ವಿಚ್ ಆರಿಸಿ ಎಂದು ಹುಕುಂ ಕೊಟ್ಟರು. ಸ್ವಿಚ್ ಆರಿತು, ಅಕ್ಷರ ಹೋಯಿತು. ಮತ್ತೆ ಹಾಕಿದಾಗ ಡಬ್ಬಿ ಎಂದಿನ ಹಾಗೆ ಆಪರೇಟರ್ ನಂಬರು ಕೇಳುತ್ತಾ ನಿಂತಿತು. ನನ್ನ ಮೊಬೈಲಿನಲ್ಲಿ ಕ್ಯಾಮೆರಾ ಇರಲಿಲ್ಲ. ಅವರದರಲ್ಲಿತ್ತು. ಕೈಯಲ್ಲೇ ಹಿಡಿದುಕೊಂಡು ಬೈಯುತ್ತಿದ್ದರು.

ಸಂಜೆಯವರೆಗೆ ಡಬ್ಬಿಯನ್ನು ಬಿಚ್ಚಿ ಜಾಲಾಡಿದೆ. ವೈರು, ಅರ್ಥಿಂಗು, ಒಳಗೆ ತುಂಬಿದ್ದ ಮಾತುಗಳು ಎಲ್ಲವೂ ನಾನು ಬಿಟ್ಟ ಹಾಗೆಯೇ ಇದ್ದವು. ಹೊರಗೆ ಬಂದಾಗ ಕಾಶಿನಾಥ ಗೇಟಿನ ಬಳಿ ಚಪ್ಪಲಿ ಮೆಟ್ಟುತ್ತಿದ್ದ. ನಾಳೆಯಿಂದ ಬರಬೇಡ ಎಂದಿದ್ದರು. ಹೇಗೆ ಸಮಾಧಾನ ಹೇಳುವುದೋ ತಿಳಿಯದೆ, ಕೈಯಾದರೂ ಉಳಿಯಿತಲ್ಲ ಎಂದೆ. ಅವನು ಸಿಟ್ಟಿನಿಂದ ನನ್ನ ಮುಖ ನೋಡಿದ.

“ನಿಮ್ ಡಬ್ಬಿ ಬರ್ದದ್ದು ಎಲ್ಲಾರೂ ಓಡಿ ಬಂದು ಓದಿದ್ರು ಸರ್. ನಾ ಇಷ್ಟ್ ದಿನ ಬಾಯಿ ಬಿಟ್ಟು ಹೇಳ್ದದ್ದು ಒಬ್ಬಾವ ಕೇಳ್ಲಿಲ್ಲ ನೋಡ್ರಿ.”

ಅಷ್ಟು ಹೇಳಿ ಶೇರ್ ರಿಕ್ಷಾ ಹತ್ತಿ ಹೋದ. ನಾಶಿಕ್‌ನಿಂದ ನಮ್ಮ ಮಾಲೀಕರ ಫೋನ್ ಬಂತು. ಗಿರಾಕಿ ಜೊತೆ ಯಾಕೆ ಕೂಗಾಡಿದೆ, ಸಾರಿ ಹೇಳು ಎಂದರು. ಹೇಳುವುದಿಲ್ಲ ಎಂದೆ. ಉಳಿದ ಡಬ್ಬಿಗಳನ್ನು ಕೂರಿಸಲು ಬೇರೆಯವರನ್ನು ಕಳಿಸಿದರು.

ಇದನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಮನೆಯವಳು ಕೇಳಿ ಕೈಮುಗಿದಳು, ಮೈಲಾರ ಮಲ್ಲಣ್ಣ ಕಾದ ಎಂದಳು. ಓದಿದ ಗೆಳೆಯರು ತೆಂಗಿನಕಾಯಿ ನೀರು ಒಳಗೆ ಹೋಗಿರಬೇಕು ಎಂದರು. ಸ್ವಾಮೀ, ನೀರು ಒಳಗೆ ಹೋದರೆ ಡಬ್ಬಿ ಸುಟ್ಟುಹೋಗುತ್ತದೆ, ಬೀದರ್ ಕನ್ನಡ ಬರೆಯುವುದಿಲ್ಲ. ನೀನೇ ತಮಾಷೆಗೆ ತುಂಬಿಟ್ಟು ಮರೆತಿದ್ದೀಯ ಎಂದವರೂ ಇದ್ದಾರೆ. ಸರಿ, ಹಾಗೇ ಇಟ್ಟುಕೊಳ್ಳೋಣ. ಪ್ರೆಸ್ಸು ಬೀಳುವ ಆ ಗಳಿಗೆಗೇ ಸರಿಯಾಗಿ ಅದು ಹೊರಗೆ ಬಂದದ್ದು ಹೇಗೆ? ಇರಲಿ. ನನ್ನನ್ನು ಕೆಣಕುವುದು ಬೇರೆ. ಅಕ್ಷರ ಯಾರು ಬರೆದರು ಎಂದು ಎಲ್ಲರೂ ಕೇಳುತ್ತಾರೆ. ಪ್ರೆಸ್ಸು ಯಾಕೆ ಬಿತ್ತು ಎಂದು ಒಬ್ಬನಾದರೂ ಕೇಳಬೇಕಲ್ಲ!

ಕೆಲವು ವರ್ಷಗಳ ನಂತರ ಮನ್ಮಾಡ್ ಸ್ಟೇಶನ್ನಿನಲ್ಲಿ ಗಾಡಿಗೆ ಕಾಯುತ್ತಿದ್ದೆ. “ಆರಾಮ್ ಅದೀರೇನ್ರಿ ಸರ್?” ಎಂದು ಯಾರೋ ಭುಜ ಮುಟ್ಟಿದರು. ಕಾಶಿನಾಥ. ಅಲ್ಲಿಯೇ ಗೋದಾಮಿನಲ್ಲಿ ಕೆಲಸ ಹಿಡಿದಿದ್ದ, ಸ್ವಲ್ಪ ದಪ್ಪಗಾಗಿದ್ದ. ಇಬ್ಬರೂ ಚಹಾ ಕುಡಿದೆವು. ಕೈ ಉಳಿದದ್ದಕ್ಕೆ ದೇವರ ಹರಕೆ ತೀರಿಸಿದೆಯಾ, ಮನೆಯವರು ಬಿಟ್ಟಿರಲಿಕ್ಕಿಲ್ಲ ಎಂದು ನಾನು ನಗುತ್ತಾ ಕೇಳಿದೆ. ಅವನು ನಗಲಿಲ್ಲ.

“ಅವ್ವ ದಿನಾ ಅಂತಾಳ್ರಿ, ಮೈಲಾರಕ್ಕ ಹೋಗಿ ಬಾ ಅಂತ. ಯಾವ ಮುಖ ಇಟ್ಕೊಂಡು ಹೋಗ್ಲಿ? ನನ್ನ ಜಾಗಾಕ್ಕ ಸಂತೋಷ ಅಂತ ಒಬ್ಬ ಮರಾಠಿ ಹುಡುಗನ ನಿಂದ್ರಿಸಿದ್ರು. ಜಾಲನಾ ಕಡಿಯಾಂವ, ಹೊಸದಾಗಿ ಲಗ್ನಾಗಿತ್ತು. ಅದೇ ಪ್ರೆಸ್, ಅದೇ ರೀತಿ ತಾನೇ ಬಿತ್ತು. ಬಲಗೈ ನಾಕೂ ಬೆರಳು ಹೋದವ್ರಿ.”

ಡಬ್ಬಿ ತೆಗೆದುಬಿಟ್ಟಿದ್ದರೇ ಎಂದು ಕೇಳಿದೆ.

“ಇಲ್ರಿ. ಇತ್ತು. ಛಲೋನೇ ನಡೀಲತಿತ್ತು. ಸಂತೋಷನ್ನೇ ಕೇಳೀನಿ ನಾನು. ಏನೂ ಕೂಗ್ಲಿಲ್ಲಂತ, ಏನೂ ಬರೀಲಿಲ್ಲಂತ. ಆ ಹೊಡ್ತಾನೂ ಒಂದು ಪೀಸು ಅಂತ ಎಣಿಸ್ತಂತ ನೋಡ್ರಿ.”

ಗಾಡಿ ಬಂತು, ಹತ್ತಿದೆ. ಆ ಹೊತ್ತಿನಿಂದ ನನ್ನ ಸಿಟ್ಟು ಮ್ಯಾನೇಜರ್ ಒಬ್ಬರ ಮೇಲೆಯೇ ಉಳಿದಿಲ್ಲ. ಅವರನ್ನು ನಾನು ಸಾಯುವವರೆಗೂ ಕ್ಷಮಿಸುವುದಿಲ್ಲ, ಅದು ಬೇರೆ ಮಾತು. ಆದರೆ ಆ ಮಧ್ಯಾಹ್ನ ಪರದೆಯ ಮೇಲೆ ಬಂದದ್ದು ದೇವರೋ, ದೆವ್ವವೋ, ನನಗೆ ತಿಳಿಯದ ಯಾವುದೋ ವೈರಿನ ಆಟವೋ, ಏನೇ ಆಗಿರಲಿ, ಅದನ್ನು ಎದುರಿಗೆ ನಿಲ್ಲಿಸಿಕೊಂಡು ನಾನು ಒಂದು ಮಾತು ಕೇಳಬೇಕು. ಸಂತೋಷ ಅದೇ ಪ್ರೆಸ್ಸಿನ ಮುಂದೆ ನಿಂತಿದ್ದ, ಕರೆಂಟಿತ್ತು, ನಾನು ಬಿಗಿದ ಸ್ಕ್ರೂ ಒಂದೂ ಸಡಿಲವಾಗಿರಲಿಲ್ಲ. ಅವನಿಗೆ ಯಾಕೆ ಹೇಳಲಿಲ್ಲ? ನಿನಗೆ ಮರಾಠಿ ಬರುತ್ತಿರಲಿಲ್ಲವೇ?