ಅತ್ತೆ ಕಟ್ಟೆ ಬಡಿದು ನೋಡಿದ ಮನೆಗಳು

ಮನೆ ನೋಡಲು ನನ್ನ ಅತ್ತೆಗೆ ಅವರದೇ ಒಂದು ಪದ್ಧತಿಯಿದೆ. ಲಿಫ್ಟು, ಬಾಲ್ಕನಿ, ಕೆಳಗಿನ ಈಜುಕೊಳ ಇವನ್ನೆಲ್ಲ ಅವರು ಕಣ್ಣೆತ್ತಿಯೂ ನೋಡುವುದಿಲ್ಲ. ಸೀದಾ ಅಡುಗೆಮನೆಗೆ ಹೋಗುತ್ತಾರೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾರೆ, ಒಲೆ ಇಡುವ ಕಟ್ಟೆಯ ಮೇಲೆ ಅಂಗೈಯಿಂದ ದಪದಪ ನಾಲ್ಕು ಏಟು ಹಾಕುತ್ತಾರೆ. ಕಟ್ಟೆ ಟೊಳ್ಳಾಗಿ ಸದ್ದು ಮಾಡಿದರೆ ತುಟಿ ಬಿಗಿದು ಸುಮ್ಮನಾಗುತ್ತಾರೆ. ಗಟ್ಟಿಯಾಗಿ ಸದ್ದು ಮಾಡಿದರೆ ನಮ್ಮ ಕಡೆ ತಿರುಗಿ, "ಛಲೋ ಅದ" ಎನ್ನುತ್ತಾರೆ.

ಇದಕ್ಕೆಲ್ಲ ಕಾರಣ ಜೋಳದ ರೊಟ್ಟಿ. ಅತ್ತೆ ವಿಜಯಪುರದ ಕಡೆಯವರು. ಮದುವೆಯಾಗಿ ಪುಣೆಯ ಪಕ್ಕದ ಪಿಂಪ್ರಿ-ಚಿಂಚವಾಡಕ್ಕೆ ಬಂದಾಗಿನಿಂದ ಬಾಡಿಗೆ ಮನೆಗಳಲ್ಲೇ ಬದುಕಿದವರು. ಅವರು ರೊಟ್ಟಿ ಬಡಿಯುವ ಸದ್ದು ಒಬ್ಬ ಮಾಲೀಕನಿಗೂ ಆಗಿಬರಲಿಲ್ಲ. ಒಬ್ಬ ಗೋಡೆ ಬಿರುಕು ಬಿಡುತ್ತದೆ ಎಂದ, ಇನ್ನೊಬ್ಬ ಚಪಾತಿ ತಿನ್ನಿ ಎಂದ. ಕೊನೆಗೆ ಅತ್ತೆ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಹಿಟ್ಟು ನಾದಿ ತಟ್ಟುವ ಮರದ ಕೊಣಮಿಗೆ ಇಟ್ಟು, ಕದ್ದು ಬಡಿಯುವುದನ್ನು ಕಲಿತರು. ಆದರೂ ಯಾರಾದರೂ ಬಾಗಿಲು ತಟ್ಟಿದರೆ ಅವರ ಕೈ ಗಾಳಿಯಲ್ಲೇ ನಿಂತುಬಿಡುತ್ತಿತ್ತು.

ಹಾಗಾಗಿ ಈಗಿನ ಮಾಲೀಕ ಮಗನ ಮದುವೆಯ ನೆಪ ಹೇಳಿ ಎರಡು ತಿಂಗಳಲ್ಲಿ ಮನೆ ಬಿಡಿ ಎಂದಾಗ ನನ್ನ ಗಂಡ ಮತ್ತೊಂದು ಬಾಡಿಗೆ ಮನೆಯ ಮಾತೇ ಎತ್ತಲಿಲ್ಲ. "ಅವ್ವ ಗೋಣಿಚೀಲ ಇಲ್ದ ರೊಟ್ಟಿ ಬಡಿಯೂವಂಥ ಮನಿ ತಗೊಳ್ಳೋಣು," ಎಂದರು. ಬ್ಯಾಂಕೂ ಸಾಲಕ್ಕೆ ಒಪ್ಪಿತು. ಇನ್ನು ಮನೆ ಸಿಗುವುದೊಂದೇ ಬಾಕಿ.

ಮನೆ ತೋರಿಸಲು ಒಬ್ಬ ದಲ್ಲಾಳಿ ಸಿಕ್ಕ. ಐವತ್ತರ ಆಸುಪಾಸಿನ ಮನುಷ್ಯ, ಹಿಂದಿ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಸೊಂಟದಲ್ಲಿ ಒಂದು ಕೇರಿಗಾಗುವಷ್ಟು ಬೀಗದ ಕೈಗಳು. ಊರಿನಾಚೆ ಹೊಸದಾಗಿ ಎದ್ದಿದ್ದ ಕಟ್ಟಡಗಳಿಗೆ ಪ್ರತಿ ಭಾನುವಾರ ನಮ್ಮನ್ನು ಕರೆದುಕೊಂಡು ಹೋಗತೊಡಗಿದ. ಮೊದಲ ಭಾನುವಾರ ತೋರಿಸಿದ ಮೂರನೇ ಮಹಡಿಯ ಫ್ಲ್ಯಾಟು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪೂರ್ವಕ್ಕೆ ಕಿಟಕಿ, ಅಡುಗೆಮನೆಯಲ್ಲಿ ಇಟ್ಟಿಗೆಯ ಮೇಲೆ ಕೂರಿಸಿದ ಕಪ್ಪುಕಲ್ಲಿನ ಕಟ್ಟೆ. ಅತ್ತೆ ನಾಲ್ಕು ಏಟು ಹಾಕಿದರು. ಕಟ್ಟೆ ಮಿಸುಕಲಿಲ್ಲ. "ಛಲೋ," ಎಂದರು. ಮತ್ತೆರಡು ಏಟು ಹಾಕಿ, "ಛಲೋ, ಛಲೋ," ಎಂದರು.

ನಾನಿನ್ನೂ ಕಿಟಕಿಯ ಹತ್ತಿರವೂ ಹೋಗಿರಲಿಲ್ಲ. ದಲ್ಲಾಳಿ ದೀಪ ಆರಿಸಿ, ನಮ್ಮನ್ನು ಹೊರಗೆ ಮಾಡಿ, ಬೀಗ ಹಾಕಿಯೇ ಬಿಟ್ಟ. ನನಗೆ ಅನುಮಾನ ಬಂತು. ಒಳ್ಳೆ ಮನೆಯಲ್ಲಿ ಎರಡು ನಿಮಿಷ ನಿಲ್ಲಲು ಬಿಡುವುದಿಲ್ಲವೆಂದರೆ ಏನೋ ಮುಚ್ಚಿಡುತ್ತಿದ್ದಾನೆ, ಸೋರುವ ಗೋಡೆಯೋ ಕೋರ್ಟಿನ ಕೇಸೋ ಇರಬೇಕು ಎಂದು ಗಂಡನಿಗೆ ಪಿಸುಗುಟ್ಟಿದೆ. ಮೈಸೂರಿನವಳಾದ ನನಗೆ ಪುಣೆಯ ದಲ್ಲಾಳಿಗಳ ಮೇಲೆ ಮೊದಲೇ ನಂಬಿಕೆ ಕಡಿಮೆ. ಇಂಥವನ ಹತ್ತಿರ ಆ ಮನೆ ಬೇಡವೇ ಬೇಡ ಎಂದುಬಿಟ್ಟೆ.

ಎರಡನೇ ವಾರವೂ ಅದೇ ಕಥೆ. ಒಳ್ಳೆಯ ಮನೆ ಅಂದುಕೊಳ್ಳುವಷ್ಟರಲ್ಲಿ ನಾವು ಲಿಫ್ಟಿನಲ್ಲಿರುತ್ತಿದ್ದೆವು. ಅದೇ ಟೊಳ್ಳು ಕಟ್ಟೆಯ ಮನೆಯಾದರೆ ಆಸಾಮಿಗೆ ಎಲ್ಲಿಲ್ಲದ ಪುರುಸೊತ್ತು. ಅತ್ತೆ ತುಟಿ ಬಿಗಿದು ನಿಂತಿದ್ದರೆ, ಈತ ಒಂದೊಂದೇ ನಲ್ಲಿ ತಿರುಗಿಸಿ ತೋರಿಸುತ್ತಿದ್ದ. ವಾರದಿಂದ ವಾರಕ್ಕೆ ಮನೆಗಳು ಕೆಡುತ್ತಾ ಹೋದವು. ನಾಲ್ಕನೆಯ ವಾರದ್ದು ಚರಂಡಿಯ ಪಕ್ಕ. ಐದನೆಯದರಲ್ಲಿ ಬಚ್ಚಲಿನ ಬಾಗಿಲು ತೆರೆದರೆ ಫ್ರಿಜ್ ಇಡಲು ಜಾಗವಿರಲಿಲ್ಲ. ಇತ್ತ ಮಾಲೀಕನ ಮನೆಯಲ್ಲಿ ಲಗ್ನಪತ್ರಿಕೆ ಅಚ್ಚಾಗಿ ಬಂದಿತ್ತು.

ಆರನೆಯ ವಾರದ ಮನೆಯ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ. ಅತ್ತೆಗೆ ಅಂದು ಮೊಣಕಾಲು ನೋವು, ಯಾರೋ ಬಿಟ್ಟುಹೋಗಿದ್ದ ಕುರ್ಚಿಯಲ್ಲಿ ಮಾತಿಲ್ಲದೆ ಕೂತರು. ಹತ್ತು ನಿಮಿಷ ಕಳೆಯಿತು. ದಲ್ಲಾಳಿಯ ಮುಖ ಅರಳುತ್ತಾ ಬಂದು, ಕೊನೆಗೆ ಚೀಲದಿಂದ ಬುಕಿಂಗ್ ಫಾರಂ ಹೊರಗೆ ಬಂತು.

ನನ್ನ ಪಿತ್ತ ನೆತ್ತಿಗೇರಿತು. ನನಗೆ ಬರುವ ಅರೆಬರೆ ಹಿಂದಿಯಲ್ಲಿ ಅವನಿಗೆ ಚೆನ್ನಾಗಿ ಅಂದೆ. ಒಳ್ಳೆ ಮನೆಗಳಿಂದ ನಮ್ಮನ್ನು ಓಡಿಸಿದೆ, ಈ ಗುಹೆಗೆ ಫಾರಂ ತೆಗೆಯುತ್ತೀಯಾ ಎಂದು ಕೇಳಿದೆ.

ಅವನಿಗೂ ಆರು ವಾರದ ಸಿಟ್ಟಿತ್ತು. "ನಾನು ಓಡಿಸಿದೆನಾ? ಒಳ್ಳೆ ಮನೆಗೆ ಕಾಲಿಟ್ಟ ಕೂಡಲೇ ಚಲೋ ಚಲೋ ಅಂತ ಅವಸರ ಮಾಡಿದ್ದು ನಿಮ್ಮ ಅಜ್ಜಿ. ಆ ಮೂರನೇ ಮಹಡಿಯಲ್ಲಿ ನಾನು ಬಾಲ್ಕನಿ ತೆರೆಯುವುದರೊಳಗೆ ಮೂರು ಸಲ ಚಲೋ ಅಂದರು. ಇಲ್ಲಿ ನೋಡಿ, ಒಂದು ಸಲವಾದರೂ ಅಂದರಾ?"

ನನ್ನ ಗಂಡ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೇನೋ ಅಂದುಕೊಂಡೆ, ನಗುತ್ತಿದ್ದರು. ಅತ್ತೆಗೆ ಛಲೋ ಅಂದರೆ ಚೆನ್ನಾಗಿದೆ ಎಂದು. ಅವನ ಹಿಂದಿಗೆ ಚಲೋ ಅಂದರೆ ನಡೀರಿ, ಹೊರಡೋಣ ಎಂದು. ಪಾಪ, ಅಜ್ಜಿಗೆ ಕತ್ತಲೆಯ ಮನೆಗಳೇ ಇಷ್ಟ ಎಂದು ತೀರ್ಮಾನಿಸಿ ಆತ ಊರೆಲ್ಲ ಅಲೆದು ಅಂಥವನ್ನೇ ಹುಡುಕಿ ತರುತ್ತಿದ್ದ. ಇದು ಮೊದಲು ನನಗೇ ಹೊಳೆಯಬೇಕಿತ್ತು. ಮದುವೆಯ ಹೊಸತರಲ್ಲಿ ಅತ್ತೆ ನನ್ನ ಸೀರೆ ನೋಡಿ "ಛಲೋ" ಎಂದಾಗ, "ಎಲ್ಲಿಗೆ?" ಎಂದು ಕೇಳಿದವಳು ನಾನು. ಇಷ್ಟು ವರ್ಷ ಕೇಳಿ ಕೇಳಿ ಕಿವಿ ಅದನ್ನು ಗಮನಿಸುವುದನ್ನೇ ಬಿಟ್ಟಿತ್ತು.

ಅತ್ತೆಗೆ ಹೇಳಿದರೆ ಅವರಿಗೆ ನಗು ಬರಲಿಲ್ಲ. "ನಾ ಮಾತಾಡಿದ್ದು ನಿಮ್ಮ ಕೂಡ. ಅಂವಾ ಯಾಕ ಕೇಳಬೇಕಾಗಿತ್ತು?" ಎಂದರು. ಕುರ್ಚಿಯಿಂದ ಏಳುತ್ತಾ, ಸಣ್ಣ ದನಿಯಲ್ಲಿ, "ಆ ಮದಲನೇ ಮನಿ ಹೋತೇನು?" ಎಂದು ಕೇಳಿದರು. ಆರು ವಾರ ಅವರು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ನನಗೆ ನನ್ನ ಮೇಲೇ ನಾಚಿಕೆಯಾಯಿತು.

ದಲ್ಲಾಳಿ ಫೋನು ಮಾಡಿದ. ಮನೆ ಹೋಗಿರಲಿಲ್ಲ, ಆದರೆ ಸಂಜೆ ಇನ್ನೊಂದು ಕುಟುಂಬ ಮುಂಗಡ ಕೊಡಲು ಬರುವುದಿತ್ತು. ಆಟೋ ಹಿಡಿದು ಹೊರಟೆವು. ದಾರಿಯುದ್ದಕ್ಕೂ ನಾನು ಅತ್ತೆಗೆ ಪಾಠ ಹೇಳಿದೆ. ಸಹಿ ಆಗುವ ತನಕ ಆ ಮಾತು ಆಡಬೇಡಿ, ಚೆನ್ನಾಗಿದೆ ಅನ್ನಲು ಮರಾಠಿಯವರ ಹಾಗೆ ಛಾನ್ ಅನ್ನಿ. ಅತ್ತೆ ಎಲ್ಲದಕ್ಕೂ ತಲೆಯಾಡಿಸಿದರು.

ಮನೆ ಹಾಗೇ ಇತ್ತು. ಅತ್ತೆ ಅಡುಗೆಮನೆಗೆ ಹೋದರು. ಈ ಸಲ ಬಡಿಯಲಿಲ್ಲ, ಕಲ್ಲಿನ ಮೇಲೆ ಅಂಗೈಯಿಟ್ಟು ಸುಮ್ಮನೆ ನಿಂತರು. ಛಾನ್ ಎನ್ನಲು ಬಾಯಿ ತೆರೆದರು, ಬರಲಿಲ್ಲ. "ಭಾಳ ಛಲೋ ಅದ," ಎಂದರು, ಕಣ್ಣಲ್ಲಿ ನೀರು. ದಲ್ಲಾಳಿ ಬೀಗದ ಕೈಗಳನ್ನು ಬದಿಗಿಟ್ಟು ಬರಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. "ನಾನಿನ್ನು ಏಳುವುದಿಲ್ಲ, ಅಜ್ಜಿ ಏನೇ ಅನ್ನಲಿ," ಎಂದ. ಫಾರಂ ಅಲ್ಲೇ ತುಂಬಿದೆವು.

ಹೊಸ ಮನೆಗೆ ಒಕ್ಕಲು ಬಂದ ಮರುದಿನ ಬೆಳಿಗ್ಗೆ ಅತ್ತೆ ರೊಟ್ಟಿ ಬಡಿಯಲು ನಿಂತರು. ಗೋಣಿಚೀಲವನ್ನು ಬಾಗಿಲಿನ ಹೊರಗೆ ಕಾಲೊರಸಾಗಿ ಹಾಕಿ ಬಂದಿದ್ದರು. ಬಡಿತ ಅಂದರೆ ಬಡಿತ, ನಾನು ಅಷ್ಟು ಜೋರಾದ ಸದ್ದು ಅವರ ಕೈಯಿಂದ ಕೇಳಿರಲಿಲ್ಲ. ಮೂರನೇ ರೊಟ್ಟಿಗೆ ಯಾರೋ ಬಾಗಿಲು ತಟ್ಟಿದರು.

ಅಭ್ಯಾಸಬಲದಿಂದ ನಾನೇ ಬೆಚ್ಚಿದೆ. ಕೆಳಗಿನ ಮನೆಯ ಮರಾಠಿ ಹೆಂಗಸು, ಅದೇ ಗೋಣಿಚೀಲದ ಮೇಲೆ ನಿಂತು, ಸದ್ದು ಕೆಳಗೆ ಬರುತ್ತಿದೆ ಎಂದರು. ನಾನು ಒಳಗೆ ತಿರುಗಿ ನೋಡಿದೆ. ಅತ್ತೆಯ ಕೈ ನಿಂತಿರಲಿಲ್ಲ. "ಒಳಗ ಕರಿ, ಬಿಸಿ ಅದ," ಎಂದರು, ಬಡಿಯುತ್ತಲೇ.

ಆಕೆ ಸಂಕೋಚಪಡುತ್ತಾ ಬಂದು, ಶೇಂಗಾ ಚಟ್ನಿಯ ಜೊತೆ ಒಂದು ರೊಟ್ಟಿ ತಿಂದರು. ಇನ್ನೊಂದನ್ನೂ ತಿಂದರು. ಕೈ ತೊಳೆದು, ಮರಾಠಿಯವರು ಹೊರಡುವಾಗ ಹೇಳುವಂತೆ "ಚಲಾ, ಯೇತೆ" ಎಂದು ಹೇಳಿ ಹೋದರು. ಸದ್ದಿನ ಮಾತು ಬಗೆಹರಿಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

"ಏನಂದ್ರು, ಅತ್ತೆ? ಬಡೀಬೇಡಿ ಅಂದ್ರಾ?" ಎಂದು ಕೇಳಿದೆ.

ನನಗಿಂತ ಹತ್ತು ಪಟ್ಟು ಚೆನ್ನಾಗಿ ಮರಾಠಿ ಬಲ್ಲ ಅತ್ತೆ ಮುಂದಿನ ಉಂಡೆಯನ್ನು ಕೊಣಮಿಗೆಯಿಂದ ಕೈಗೆತ್ತಿಕೊಂಡರು.

"ಛಲೋ ಆಗ್ಯಾವ ಅಂದ್ಳು," ಎಂದು ಬಡಿಯತೊಡಗಿದರು.