ಡೆಮೊಗೆ ಹೇಳಿದ ಇಂಗ್ ಪಾಠ

ಟಿ. ನರಸೀಪುರದ ಆ ಶಾಲೆಯ ಆಫೀಸಿನಿಂದ ಫೋನು ಬಂದಾಗ ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಒಂಬತ್ತನೇ ಕ್ಲಾಸಿಗೆ ಇಂಗ್ಲಿಷ್ ಟೀಚರ್ ಬೇಕು, ಬುಧವಾರ ಡೆಮೊ ಕೊಡಲು ಬನ್ನಿ ಎಂದರು. ಡೆಮೊ ಎಂದರೆ ಕೆಲಸ ಕೊಡುವ ಮುಂಚೆ ಮಕ್ಕಳ ಮುಂದೆ ನಿಲ್ಲಿಸಿ ಒಂದು ಪೀರಿಯಡ್ ಪಾಠ ಮಾಡಿಸಿ ನೋಡುವುದು. ಹೆಣ್ಣು ನೋಡಲು ಬಂದವರು ಹಾಡು ಹೇಳಿಸುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ. ಯಾವ ಪಾಠ ಎನ್ನುವುದನ್ನೂ ಅವರೇ ಹೇಳಿದರು: ಇಂಗ್ಲಿಷ್ ಕ್ರಿಯಾಪದದ ಕೊನೆಗೆ ಐ-ಎನ್-ಜಿ, ಅಂದರೆ ಇಂಗ್ ಸೇರಿಸಿದ ಮೇಲೆ ಅದರ ಜೊತೆ ಆಬ್ಜೆಕ್ಟು, ಪ್ರಿಪೊಸಿಷನ್ ಫ್ರೇಸು ಹೇಗೆ ಬರುತ್ತವೆ ಎನ್ನುವುದು. ಇಷ್ಟು ಕರಾರುವಾಕ್ಕಾಗಿ ಪಾಠ ಕೊಟ್ಟ ಶಾಲೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಇವರು ಮಕ್ಕಳ ಬಗ್ಗೆ ತಲೆ ಕೆಡಿಸಿಕೊಂಡವರು ಅಂದುಕೊಂಡೆ. ನನ್ನ ದಡ್ಡತನಕ್ಕೆ ಏನು ಹೇಳಲಿ.

ಬಿ.ಎಡ್. ಮಾಡಿಕೊಂಡು ಬಿಳಿಗೆರೆಗೆ ಸೊಸೆಯಾಗಿ ಬಂದವಳು ನಾನು. ಮಕ್ಕಳು ದೊಡ್ಡವರಾದ ಮೇಲೆ ಕೆಲಸಕ್ಕೆ ಅಲೆಯತೊಡಗಿದೆ. ನಂಜನಗೂಡಿನ ಶಾಲೆಗಳಲ್ಲೂ ಡೆಮೊ ಕೊಟ್ಟಿದ್ದೆ. ತಿಳಿಸುತ್ತೇವೆ ಎಂದವರು ತಿಳಿಸಲೇ ಇಲ್ಲ. ನಂಜನಗೂಡಿನಲ್ಲಿ ಮೈದುನನದೊಂದು ಬೇಕರಿ ಇದೆ. ಕೌಂಟರಿಗೆ ಮನೆಯವರೇ ಯಾರಾದರೂ ಕೂತರೆ ಒಳ್ಳೆಯದು ಎಂದು ಅವನು ಆಗಾಗ ಹೇಳುತ್ತಿದ್ದ. ಇದೊಂದು ಸಲ ನೋಡು, ಆಗದಿದ್ದರೆ ಸುಮ್ಮನೆ ಬೇಕರಿಗೆ ಹೋಗು ಎಂದು ನನ್ನ ಗಂಡ ತೀರ್ಮಾನ ಕೊಟ್ಟರು. ಅತ್ತೆಗೆ ಅಷ್ಟೂ ತಾಳ್ಮೆ ಇರಲಿಲ್ಲ. ಜಗಲಿಯಲ್ಲಿ ಕೂತು ಮಗನಿಗೆ ಕೇಳಿಸುವಂತೆ, ನನಗೂ ಕೇಳಿಸುವಂತೆ ಹೇಳಿದರು: "ಬಸ್ ಪ್ರೀ ಮಾಡವ್ರಲ್ಲ, ಅದುಕ್ಕೇ ಊರೂರ್ ಸುತ್ತಾವ್ಳೆ ಕಣ್ಲಾ."

ಆ ಪಾಠಕ್ಕೆ ನಾನು ತಯಾರಾದದ್ದು ಅತ್ತೆಯನ್ನು ನೋಡಿಕೊಂಡೇ. ಅವರು ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರೆ ನಾನು ಒಳಗೆ ಸೌದೆ ಒಲೆ ಊದುತ್ತಾ ಉದಾಹರಣೆ ಕಟ್ಟುತ್ತಿದ್ದೆ. ಪೀಲಿಂಗ್ ಬೀನ್ಸ್ ಆನ್ ದ ಜಗಲಿ. ಕಾಲಿಂಗ್ ಹರ್ ಸನ್ ಫ್ರಮ್ ದ ಡೋರ್. ಬ್ಲೇಮಿಂಗ್ ಮಿ ಫಾರ್ ಎವೆರಿಥಿಂಗ್. ಕೊನೆಯದನ್ನು ಮಕ್ಕಳಿಗೆ ಹೇಳುವಂತಿರಲಿಲ್ಲ, ಆದರೆ ಉದಾಹರಣೆಯಾಗಿ ಅದರಲ್ಲಿ ಯಾವ ಕೊರತೆಯೂ ಇರಲಿಲ್ಲ.

ಬುಧವಾರ ಮದುವೆಗೆ ಹೋಗುವವಳ ಹಾಗೆ ಸೀರೆ ಉಟ್ಟು ನಂಜನಗೂಡಿಗೆ ಬಂದು, ಅಲ್ಲಿಂದ ನರಸೀಪುರದ ಬಸ್ಸು ಹತ್ತಿದೆ. ಶಾಲೆಯ ಹೆಡ್ ಮೇಡಂ ನನ್ನನ್ನು ಕ್ಲಾಸಿಗೆ ಬಿಟ್ಟು, ಹಿಂದಿನ ಬೆಂಚಿನಲ್ಲಿ ಸ್ವಲ್ಪ ಹೊತ್ತು ಮೊಬೈಲ್ ನೋಡಿ ಎದ್ದು ಹೋದರು. ನಾನು ಅದನ್ನು ವಿಶ್ವಾಸ ಎಂದುಕೊಂಡೆ.

ಮಕ್ಕಳಿಗೆ ನಾನು ಹೇಳಿದ್ದು ಇಷ್ಟು. ನಮ್ಮ ಕನ್ನಡದ ಕ್ರಿಯಾಪದ ಹಿರಿ ಸೊಸೆ ಇದ್ದ ಹಾಗೆ, ಎಲ್ಲರನ್ನೂ ಕೂರಿಸಿ ಬಡಿಸಿ ಕಟ್ಟಕಡೆಗೆ ತಾನು ಕೂರುತ್ತದೆ. ಮರದ ಕೆಳಗೆ ಬುತ್ತಿ ತಿನ್ನುತ್ತಾ ಎನ್ನುತ್ತೇವೆ, ತಿನ್ನುವುದು ಕೊನೆಗೆ. ಇಂಗ್ಲಿಷಿನಲ್ಲಿ ಅವಳೇ ಮೊದಲ ಪಂಕ್ತಿ. ಈಟಿಂಗ್ ಮೊದಲು ಕೂರುತ್ತದೆ, ಆಮೇಲೆ ಏನನ್ನು ಅಂತ ಕೇಳಿ, ಲಂಚ್ ಬರುತ್ತದೆ. ಎಲ್ಲಿ ಅಂತ ಕೇಳಿ, ಅಂಡರ್ ದ ಟ್ರೀ ಬರುತ್ತದೆ. ಹೆಣ್ಣುಮಕ್ಕಳು ಕಿಸಕ್ಕನೆ ನಕ್ಕರು. ಆಮೇಲೆ ಅವರನ್ನು ತಡೆಯುವುದೇ ಕಷ್ಟವಾಯಿತು. ವಾಷಿಂಗ್ ದ ಬೈಕ್ ಇನ್ ದ ರಿವರ್, ಸ್ಲೀಪಿಂಗ್ ಇನ್ ದ ಕ್ಲಾಸ್, ವೇಟಿಂಗ್ ಫಾರ್ ದ ಬೆಲ್. ಅಷ್ಟು ವರ್ಷ ಒಲೆ ಮುಂದೆ ಕೂತಿದ್ದರೂ ನನ್ನೊಳಗಿನ ಟೀಚರ್ ಸತ್ತಿರಲಿಲ್ಲ. ಅವತ್ತು ನನಗಾದ ಸಂತೋಷವನ್ನು ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. ನಾಳೆಯೂ ನೀವೇ ಬರ್ತೀರಾ ಎಂದು ಕೇಳಿದಳು. ಗೊತ್ತಿಲ್ಲ, ಇವತ್ತು ಡೆಮೊ ಅಷ್ಟೇ ಎಂದೆ.

"ಎಲ್ಲಾ ಡೆಮೊ ಮಿಸ್ಸೇ ಬರೋದು ಮಿಸ್," ಎಂದಳು ಅವಳು. "ದಸರಾ ಆದ್ಮೇಲೆ ಇಂಗ್ಲಿಷ್ ಮಿಸ್ ಬಿಟ್ಟೋದ್ರು. ನಿನ್ನೆ ಮಿಸ್ಸು ವರ್ಬಿಗೆ ಟು ಹಾಕೋದ್ ಮುಗಿಸ್ಬುಟ್ಟು ಹೋದ್ರು. ನಾಳೆ ಬರೋರು ಪ್ಯಾಸಿವ್ ವಾಯ್ಸ್ ಮಾಡ್ತಾರೆ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಶಾಲೆ ನಡೆಯುವುದೇ ಹೀಗೆ ಎಂದು ಅವಳು ತಿಳಿದಿದ್ದಳು. ನನಗೆ ಕರಾರುವಾಕ್ಕಾಗಿ ಪಾಠ ಕೊಟ್ಟದ್ದು ಯಾಕೆ ಎಂದು ಆಗ ಅರ್ಥವಾಯಿತು. ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳುವ ಬದಲು, ಕೆಲಸದ ಆಸೆ ತೋರಿಸಿ ದಿನಕ್ಕೊಬ್ಬಳನ್ನು ಕರೆಸಿ, ಪಠ್ಯಪುಸ್ತಕವನ್ನು ಸಾಲಾಗಿ ಮುಗಿಸುತ್ತಿದ್ದರು. ಚಾಕ್‌ಪೀಸ್ ಅಲ್ಲೇ ಎಸೆದು ಹೊರಡಬೇಕು ಅನಿಸಿತು. ಆದರೆ ಪಾಠ ಅರ್ಧಕ್ಕೆ ನಿಂತಿತ್ತು, ಪರೀಕ್ಷೆ ಬರೆಯುವವರು ಆ ಮಕ್ಕಳು. ಹಲ್ಲು ಕಚ್ಚಿಕೊಂಡು ಮುಗಿಸಿದೆ. ಅಭ್ಯಾಸದಿಂದ ಹೋಮ್‌ವರ್ಕನ್ನೂ ಕೊಟ್ಟೆ. ಅದನ್ನು ತಿದ್ದುವವರು ಯಾರು ಎಂದು ಮಕ್ಕಳು ಕೇಳಲಿಲ್ಲ.

ಹೆಡ್ ಮೇಡಂ ಟೀ ಕೊಡಿಸಿದರು. ಪಾಠ ತುಂಬಾ ಚೆನ್ನಾಗಿತ್ತಂತೆ ಎಂದರು, ಕೂತು ಕೇಳದೆಯೇ. ನಿಜವಾಗಿ ಪೋಸ್ಟ್ ಇದೆಯಾ ಎಂದು ಕೇಳಿದೆ. ಅದೆಲ್ಲ ಮ್ಯಾನೇಜ್‌ಮೆಂಟಿಗೆ ಬಿಟ್ಟಿದ್ದು, ಫೋನ್ ಮಾಡುತ್ತೇವೆ ಎಂದು ಕೈ ಮುಗಿದರು. ಹಾಗೆ ನಯವಾಗಿ ಕೈ ಮುಗಿದವರ ಮೇಲೆ ಜಗಳಕ್ಕೆ ಹೋಗಲು ನನಗೆ ಬರುವುದಿಲ್ಲ.

ಹೊರಗೆ ಬೆಂಚಿನ ಮೇಲೆ ಆಗಷ್ಟೇ ಬಿ.ಎಡ್. ಮುಗಿಸಿದಂತಿದ್ದ ಒಬ್ಬಳು ಸರ್ಟಿಫಿಕೇಟಿನ ಜೆರಾಕ್ಸ್ ಹಿಡಿದು ಕೂತಿದ್ದಳು. ಅರ್ಜಿ ಕೊಡಲು ಬಂದವಳಿಗೆ ನಾಳೆ ಡೆಮೊಗೆ ಬಾ ಎಂದಿದ್ದರಂತೆ; ನಾಳೆಯ ಪ್ಯಾಸಿವ್ ವಾಯ್ಸ್ ಇವಳದೇ. ಪಕ್ಕದಲ್ಲಿ ಕೂತು, ಇಲ್ಲಿ ಕೆಲಸವೂ ಇಲ್ಲ ಏನೂ ಇಲ್ಲ, ಪುಕ್ಕಟೆ ಪಾಠ ಮಾಡಿಸಿಕೊಳ್ಳುತ್ತಾರೆ, ಬರಬೇಡಮ್ಮ ಎಂದೆ. ಅವಳು ನನ್ನ ಸೀರೆಯನ್ನು ಮೇಲಿಂದ ಕೆಳಕ್ಕೆ ನೋಡಿದಳು.

"ನೀವೂ ಇದೇ ಪೋಸ್ಟಿಗೆ ಬಂದಿರೋರಲ್ವಾ ಅಕ್ಕ?" ಎಂದಳು.

ಪೈಪೋಟಿಯವಳನ್ನು ಓಡಿಸಲು ಹಾಗೆ ಹೇಳುತ್ತಿದ್ದೇನೆ ಎಂದುಕೊಂಡಿದ್ದಳು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆನೇನೋ. ಬಸ್ಸಿನಲ್ಲಿ ಕಂಡಕ್ಟರ್ ಫ್ರೀ ಟಿಕೆಟ್ ಹರಿದು ಕೈಗಿಟ್ಟಾಗ ಅಳು ಬಂತು.

ಮನೆಯಲ್ಲಿ ಹೇಳಿದೆ. ಒಂದು ಪೀರಿಯಡ್ ಪಾಠ ಮಾಡಿದರೆ ನಿನ್ನ ಗಂಟೇನು ಹೋಯಿತು ಎಂದರು ಗಂಡ. ಅವರ ಲೆಕ್ಕದಲ್ಲಿ ಪಾಠ ಎಂದರೆ ಬಾಯಿ ಮಾತು, ಖರ್ಚಾಗುವಂಥದ್ದಲ್ಲ.

ಶಿವರಾತ್ರಿಯ ಹೊತ್ತಿಗೆ ಮತ್ತೆ ಆ ಆಫೀಸಿನಿಂದ ಫೋನು ಬಂತು. ಎತ್ತಿಕೊಂಡವರು ನನ್ನ ಗಂಡ. ಸೆಕೆಂಡ್ ರೌಂಡಿಗೆ ಕರೆದಿದ್ದಾರೆ, ಸೆಲೆಕ್ಟ್ ಆದ ಹಾಗೇ ಎಂದು ಮುಖ ಅರಳಿಸಿಕೊಂಡು ಫೋನು ಕೊಟ್ಟರು. ಅತ್ತೆ ಜಗಲಿಯಿಂದ ಎದ್ದು ಒಳಗೆ ಬಂದರು. ಎರಡನೇ ಡೆಮೊ ಇದೆ, ಅದೇ ಇಂಗ್ ಪಾಠದ ರಿವಿಷನ್ ಮಾಡಿ ಮಾಡೆಲ್ ಪೇಪರ್ ಬಿಡಿಸಬೇಕು ಎಂದ ಗುಮಾಸ್ತ. ಸೊಸೆ ಕಥೆ ಹೇಳಿದ ಮಿಸ್ಸೇ ಬೇಕು ಅಂತ ಮಕ್ಕಳು ಕೇಳುತ್ತಿದ್ದಾರೆ ಎಂದೂ ಸೇರಿಸಿದ. ಅದು ನಿಜವಿರಬೇಕು. ಆ ಕಥೆ ಅವನಿಗೆ ಬೇರೆಲ್ಲಿಂದ ಗೊತ್ತಾಗಬೇಕು? ಮಕ್ಕಳ ಆ ಆಸೆಯನ್ನೂ ನನ್ನನ್ನು ಎಳೆಯಲು ಬಳಸಿಕೊಂಡರಲ್ಲ ಎಂದು ಸಿಟ್ಟು ನೆತ್ತಿಗೇರಿತು.

"ಅಪಾಯಿಂಟ್‌ಮೆಂಟ್ ಆರ್ಡರ್ ಕೊಡಿ. ಅವತ್ತೇ ಬರ್ತೀನಿ," ಎಂದೆ.

"ಬಿಡಿ ಮೇಡಂ, ಬೇರೆಯವ್ರು ಇದಾರೆ," ಎಂದು ಫೋನ್ ಇಟ್ಟ.

ಗಂಡ ಅಂಗಿ ತೊಟ್ಟುಕೊಂಡು ಆಚೆ ಹೋದರು. "ಮನೆ ಬಾಗ್ಲಿಗ್ ಬಂದಿದ್ ಕೆಲ್ಸಾವ ಒದ್ಬುಟ್ಟಳಲ್ಲ," ಎಂದರು ಅತ್ತೆ. ಸಂಜೆಯೊಳಗೆ ಬೀದಿಗೆಲ್ಲ, ಯುಗಾದಿಯೊಳಗೆ ನೆಂಟರಿಗೆಲ್ಲ ಅದು ಗೊತ್ತಾಯಿತು.

ಈಗ ನಾನು ನಂಜನಗೂಡಿನಲ್ಲಿ ಬೇಕರಿಯ ಕೌಂಟರಿನ ಹಿಂದೆ ಬನ್ನು ಮಾರುತ್ತೇನೆ. ಸೆಲ್ಲಿಂಗ್ ಬನ್ಸ್ ಬಿಹೈಂಡ್ ದ ಕೌಂಟರ್, ಮಕ್ಕಳಿಗೆ ಕೊಡಲು ಒಳ್ಳೆಯ ಉದಾಹರಣೆ. ಪರಿಚಯದವರು ಬಂದರೆ ಪಪ್ಸ್ ಕಟ್ಟಿಸಿಕೊಳ್ಳುತ್ತಾ, ಸಿಕ್ಕಿದ ಟೀಚರ್ ಕೆಲಸ ಬಿಟ್ಟುಬಿಟ್ಟಿರಂತೆ, ಯಾಕೆ ಎಂದು ಕೇಳುತ್ತಾರೆ. ಮೊದಮೊದಲು ವಿವರಿಸುತ್ತಿದ್ದೆ, ಈಗ ಚಿಲ್ಲರೆ ಕೊಟ್ಟು ಕಳಿಸುತ್ತೇನೆ. ಯಾರೂ ಕೊಡದ ಕೆಲಸವನ್ನು ಒದ್ದವಳು ಎಂಬ ಹೆಸರು, ನನಗೆ ಕಾಯಂ ಆಗಿ ಸಿಕ್ಕಿದ್ದು ಅದೊಂದೇ.