ವಿಮರ್ಶಕರು ಬೇಡವೆಂದ ಕೊನೆಯ ದೃಶ್ಯ

ಬೇಗೂರಿನ ನಮ್ಮ ಅಪಾರ್ಟ್‌ಮೆಂಟಿನ ಸಿನಿಮಾ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿದೆ. ಚಿತ್ರ ಶುರುವಾಗುವ ಮೊದಲು, ಅದು ತೆರೆಕಂಡ ಕಾಲದಲ್ಲಿ ವಿಮರ್ಶಕರು ಏನು ಬರೆದಿದ್ದರು ಎಂಬುದನ್ನು ಬಿ ಬ್ಲಾಕಿನ ಹಿರಿಯರೊಬ್ಬರು ವಿವರಿಸುತ್ತಾರೆ. ಕ್ಲಬ್ಬು ಕಟ್ಟಿದವರು ಅವರೇ, ರಿಮೋಟು ಇರುವುದೂ ಅವರ ಕೈಯಲ್ಲೇ. ಎಲ್ಲಿ ಮೆಚ್ಚಬೇಕು, ಎಲ್ಲಿ ಮುಖ ಸಿಂಡರಿಸಬೇಕು ಎಂದು ಮೊದಲೇ ತಿಳಿದುಕೊಂಡು ನಾವು ಕುರ್ಚಿಗಳಲ್ಲಿ ಕೂರುತ್ತೇವೆ. ನನಗೆ ಈ ಪದ್ಧತಿ ಕಂಡರೆ ಮೈ ಉರಿಯುತ್ತದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ವರ್ಷಗಟ್ಟಲೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವಳು ನಾನು. ಕೊನೆಯವರೆಗೆ ಓಡಿಸಿ ನೋಡದೆ ಯಾವುದನ್ನೂ ಪಾಸು ಎಂದವಳಲ್ಲ, ಫೇಲು ಎಂದವಳೂ ಅಲ್ಲ.

ಕಳೆದ ತಿಂಗಳು ಅಲ್ಲಿ ನಾನು ಕೇಳಿದ ಚಿತ್ರ ಹಾಕಿದರು. ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಬ್ರಿಟನ್ನಿನಲ್ಲಿ ತಯಾರಾದ ಕಪ್ಪು ಬಿಳುಪಿನ ಚಿತ್ರ. ಅದರ ಡಿಸ್ಕು ಇದ್ದದ್ದು ಹಿರಿಯರ ಸಂಗ್ರಹದಲ್ಲಿ ಮಾತ್ರ, ಅವರಾದರೋ ಸುಲಭಕ್ಕೆ ಒಪ್ಪುವವರಲ್ಲ. “ಬರೀ ಅಳುಮುಂಜಿ ಮೆಲೋಡ್ರಾಮಾ ಮೇಡಂ ಅದು, ನಮ್ಮ ಕ್ಲಬ್ ಲೆವೆಲ್‌ಗೆ ಅಲ್ಲ” ಎಂದಿದ್ದರು. ನಾನು ಬೆನ್ನು ಬಿಡಲಿಲ್ಲ. ಆ ಚಿತ್ರದ ಕೊನೆ ನನಗೆ ಬೇಕಾಗಿತ್ತು.

ನಾನು ಹುಡುಗಿಯಾಗಿದ್ದಾಗ, ಹಾವೇರಿಯ ನಮ್ಮ ಮನೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ ಅವ್ವ ಮತ್ತು ನಾನು ಅದನ್ನು ಟಿವಿಯಲ್ಲಿ ನೋಡಿದ್ದೆವು. ಅವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನನಗೆ ಅರ್ಧಂಬರ್ಧ. ಕಥೆ ಮಾತ್ರ ಇಬ್ಬರಿಗೂ ತಿಳಿಯಿತು. ಗಂಡ ಯುದ್ಧಕ್ಕೆ ಹೋಗಿದ್ದಾನೆ. ಬಾಂಬು ಬೀಳುವ ಊರಿನಲ್ಲಿ ಹೆಂಡತಿ ಒಬ್ಬಳೇ ಚಹಾದ ಅಂಗಡಿ ನಡೆಸುತ್ತಾಳೆ. ಯುದ್ಧ ಮುಗಿಯುತ್ತದೆ, ಗಂಡ ಮರಳಿ ಬಂದು ಗಲ್ಲಾದ ಮುಂದೆ ಕೂರುತ್ತಾನೆ, ಅವಳು ಪರದೆಯ ಹಿಂದಿನ ಅಡುಗೆಮನೆಗೆ ಸರಿಯುತ್ತಾಳೆ.

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದಳು. ಅಪ್ಪ ಮುಂಬೈಯ ಮಿಲ್ಲಿನಲ್ಲಿದ್ದಷ್ಟು ವರ್ಷ ಅವಳೂ ಖಾನಾವಳಿ ನಡೆಸಿದವಳು. ರೊಟ್ಟಿ ಬಡಿಯುವುದು, ಪಲ್ಯ ಮಾಡುವುದು, ಊಟಕ್ಕೆ ಬಂದವರನ್ನು ಹೆಸರು ಹಿಡಿದು ಮಾತಾಡಿಸುವುದು, ಗಲ್ಲಾದಲ್ಲಿ ಕೂರುವುದು ಎಲ್ಲ ಅವಳೇ. ಮಿಲ್ಲು ಮುಚ್ಚಿತು. ಅಪ್ಪ ಬಂದು ಗಲ್ಲಾದಲ್ಲಿ ಕೂತರು, ಅವ್ವ ಒಲೆಯ ಮುಂದೆಯೇ ಉಳಿದಳು. ಊರವರ ಬಾಯಲ್ಲೂ ಅದು ಅಪ್ಪನ ಖಾನಾವಳಿಯಾಯಿತು. ಅವ್ವ ಇದಕ್ಕೆ ಒಂದು ಮಾತೂ ಆಡಿದ್ದನ್ನು ನಾನು ಕೇಳಿಲ್ಲ.

ಚಿತ್ರದ ಕೊನೆಗೆ ಆ ಅಂಗಡಿಯಲ್ಲಿ ಒಂದು ಔತಣ. ಈ ಅಂಗಡಿಯನ್ನು ಕಟ್ಟಿದವನು ತಾನೇ ಎಂದು ಗಂಡ ನೆರೆದವರ ಎದುರು ಭಾಷಣ ಬಿಗಿಯುತ್ತಾನೆ. ಹೆಂಡತಿ ಕಪ್ಪುಗಳ ತಟ್ಟೆ ಹಿಡಿದು, ಪರದೆ ಸರಿಸಿ ಬಂದು ನಿಲ್ಲುತ್ತಾಳೆ. ಅಷ್ಟಕ್ಕೆ ನಮ್ಮ ಮನೆಯ ಕರೆಂಟು ಹೋಯಿತು.

“ಈಗ ಆಕಿ ಏನ್ ಮಾಡ್ತಾಳಬೇ ಅವ್ವಾ?” ಎಂದೆ.

ಒಳಗೆ ಮಲಗಿದ್ದ ಅಪ್ಪನಿಗೆ ಕೇಳಿಸದ ಹಾಗೆ ಅವ್ವ ಹೇಳಿದಳು: “ಒದರಬೇಕು ಆಕಿ. ಒಮ್ಮೆರೆ ಎಲ್ಲಾರ ಮುಂದ ಒದರಬೇಕು.” ಆಮೇಲೆ ಎದ್ದು ಹಿಟ್ಟು ನಾದಲು ಹೋದಳು.

ಚಿತ್ರದ ಆ ಹೆಂಡತಿ ಒದರಿದಳೋ ಇಲ್ಲವೋ ತಿಳಿಯದೆಯೇ ಅವ್ವ ತೀರಿಕೊಂಡಳು. ನನಗೆ ಚಿತ್ರ ಸಿಗಲಿಲ್ಲ, ಸಿಕ್ಕಿದ್ದು ವಿಮರ್ಶೆಗಳು. ಗಂಡನ ಪಾತ್ರದ ಸಂಯಮವನ್ನು ಲಂಡನ್ನಿನ ಪಂಡಿತರು ಹಾಡಿ ಹೊಗಳಿದ್ದರು. ಹೆಂಡತಿಯದು ಅತಿಯಂತೆ. ಟಿಕೆಟಿಗೆ ಸಾಲುಗಟ್ಟಿದ ಹೆಂಗಸರನ್ನೂ ಅವರ ಕರವಸ್ತ್ರಗಳನ್ನೂ ಗೇಲಿ ಮಾಡಿದ್ದರು. ಕೊನೆಯ ದೃಶ್ಯ ಸಹಿಸಲಸಾಧ್ಯ ಎಂದವರಲ್ಲಿ ಒಬ್ಬರಾದರೂ ಅಲ್ಲಿ ಏನಾಗುತ್ತದೆ ಎಂದು ಬರೆದಿರಲಿಲ್ಲ. ಎಷ್ಟೋ ವರ್ಷಗಳ ನಂತರ ಬೇರೆ ಪಂಡಿತರು ಬಂದು ಅದೇ ಚಿತ್ರವನ್ನು ಮೆಚ್ಚಿಕೊಂಡರಂತೆ. ಅವರ ಅಪ್ಪಣೆಗಾಗಿಯೂ ನಾನು ಕಾದು ಕೂತಿರಲಿಲ್ಲ.

ಕ್ಲಬ್ಬಿನಲ್ಲಿ ಚಿತ್ರ ಓಡಿತು. ಔತಣ ಬಂತು, ಭಾಷಣ ಬಂತು. ಅವಳು ತಟ್ಟೆ ಹಿಡಿದು ಪರದೆ ಸರಿಸಿದಳು. ಹಿರಿಯರು ಸರಿಯಾಗಿ ಅಲ್ಲಿಗೇ ಚಿತ್ರ ನಿಲ್ಲಿಸಿ ದೀಪ ಹಾಕಿದರು.

“ಇಲ್ಲಿಗೇ ಮುಗೀಬೇಕಿತ್ತು ಅಂತ ಆಗಿನ ವಿಮರ್ಶಕರೆಲ್ಲ ಹೇಳಿದಾರೆ. ಎಷ್ಟು ಘನತೆಯಿದೆ ನೋಡಿ ಈ ಮೌನದಲ್ಲಿ! ಹಾಲ್ ಬೇರೆ ಬರ್ತ್‌ಡೇ ಪಾರ್ಟಿಗೆ ಬಿಟ್ಕೊಡ್ಬೇಕು” ಎಂದರು.

“ಮುಂದೆ ಹಾಕಿ ಸಾರ್” ಎಂದೆ.

“ಮುಂದೆ ಏನೂ ಇಲ್ಲ ಮೇಡಂ, ನಂಬಿ. ಬರೀ ಕೂಗಾಟ.”

ಜನ ನಕ್ಕರು. ಒಬ್ಬರು ಆಗಲೇ ಕುರ್ಚಿ ಮಡಚುತ್ತಿದ್ದರು. ಸಿಟ್ಟು ನೆತ್ತಿಗೇರಿದರೆ ನನ್ನ ಬೆಂಗಳೂರು ಕನ್ನಡ ಎಲ್ಲೋ ಹೋಗಿಬಿಡುತ್ತದೆ. “ಆ ಕೂಗಾಟ ನೋಡಾಕನ ಬಂದೀನ್ರಿ ನಾ. ಕೊಡ್ರಿಲ್ಲೆ” ಎಂದು ಎದ್ದು ಹೋಗಿ ಅವರ ಕೈಯಿಂದ ರಿಮೋಟು ಕಿತ್ತುಕೊಂಡೆ. ನಾಚಿಕೆ ಎಳ್ಳಷ್ಟೂ ಆಗಲಿಲ್ಲ. ದೀಪ ಆರಿಸಿ, ತೆರೆಯ ಪಕ್ಕದಲ್ಲೇ ನಿಂತು ಗುಂಡಿ ಒತ್ತಿದೆ.

ಅವಳು ಒದರಿದಳು! ತಟ್ಟೆಯನ್ನು ನೆಲಕ್ಕೆ ಎತ್ತಿ ಹಾಕಿದಳು. ಬಾಂಬು ಬೀಳುವಾಗ ಒಲೆ ಹೊತ್ತಿಸಿದವರು ಯಾರು, ಗಾಜು ಒಡೆದ ಬೆಳಗ್ಗೆ ಬಾಗಿಲು ತೆರೆದವರು ಯಾರು ಎಂದು ಒಬ್ಬೊಬ್ಬರ ಮುಂದೆಯೂ ಹೋಗಿ ಕೇಳಿದಳು. ಧ್ವನಿ ಬಿರಿಯಿತು, ಮೂಗು ಸೋರಿತು, ಕೂದಲು ಕೆದರಿತು, ಸಂಗೀತವಂತೂ ಕಿವಿ ಕಿತ್ತುಹೋಗುವಂತಿತ್ತು. ವಿಮರ್ಶಕರು ಸುಳ್ಳು ಹೇಳಿರಲಿಲ್ಲ, ಅತಿಯೇ ಆಗಿತ್ತು. ಕೊನೆಗೆ ಅವಳು ಗಂಡನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಗಲ್ಲಾದ ಮುಂದಿನ ಕುರ್ಚಿಯಲ್ಲಿ ತಾನು ಕೂತಳು. ಚಿತ್ರ ಮುಗಿಯಿತು.

ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಕಣ್ಣೊರೆಸಿಕೊಳ್ಳಲಿಲ್ಲ, ನೋಡುವವರು ನೋಡಲಿ ಎಂದು ಹಾಗೇ ನಿಂತೆ. ಹಿರಿಯರು ದೀಪ ಹಾಕಿ, ರಿಮೋಟಿಗಾಗಿ ಕೈ ಚಾಚಿ, ಮಗುವನ್ನು ರಮಿಸುವವರಂತೆ ಕೇಳಿದರು: “ಸ್ವಲ್ಪ ಜಾಸ್ತಿ ಆಯ್ತು ಅಲ್ವಾ ಮೇಡಂ?”

“ಹೌದ್ರಿ ಸರ್, ಜಾಸ್ತಿನ ಆತು” ಎಂದೆ. “ಕಡಿಮಿ ಆದ್ರ ಹೆಂಗಿರ್ತದ ಅನ್ನೂದನ್ನ ನಮ್ಮವ್ವನೊಳಗ ನೋಡೀನ್ರಿ. ಸಾಯೂತನಕ ಒಲಿ ಮುಂದನ ಕುಂತಿದ್ಲು.”